ಹಾಡನ್ನೇ ಹೊಟ್ಟೆಪಾಡು ಮಾಡ್ಕೋಬೇಕಾ? ದುಡ್ಡು ಎಲ್ಲಿಂದ ಬರುತ್ತೆ, ಎಲ್ಲಿ ಸೋರುತ್ತೆ ತಿಳ್ಕೊಳ್ಳಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಚೆನ್ನಾಗಿ ಹಾಡುವವರಿಗೆ ಬರವಿಲ್ಲ. ಆದರೆ ಕೈಲಿರುವ ಕೆಲಸ ಬಿಟ್ಟು ಹಾಡಿನಲ್ಲೇ ಸಂಸಾರ ತೂಗಿಸ್ತೀನಿ ಅಂದರೆ ಲೆಕ್ಕವೇ ಬೇರೆ.

ಮೊದಲ ದುಡ್ಡು ಬರೋದು ಸ್ಟೇಜಿನಿಂದಲೇ. ಗಣಪತಿ ಕೂರಿಸಿದ ದಿನದಿಂದ ನವೆಂಬರ್ ರಾಜ್ಯೋತ್ಸವದವರೆಗೆ ಒಂದು ಸೀಸನ್. ಫೆಬ್ರವರಿಯಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸೇವಾಲಾಲ್ ಜಯಂತಿ, ಆಮೇಲೆ ಬೇಸಿಗೆಯ ಜಾತ್ರೆ, ಮದುವೆ. ಆಷಾಢ ಬಂತೋ, ಮೈಕ್ ಸೆಟ್ ಮೂಲೆ ಸೇರುತ್ತೆ. ಆ ಖಾಲಿ ತಿಂಗಳುಗಳ ಬಾಡಿಗೆ, ರೇಷನ್ನಿಗೆ ಸೀಸನ್ನಿನಲ್ಲೇ ಎತ್ತಿಡದವರು ಪೂರ್ತಿ ಸಮಯ ಇದಕ್ಕೆ ಇಳಿಯದಿರುವುದೇ ವಾಸಿ.

ಯೂಟ್ಯೂಬ್ ಜಾಹೀರಾತಿನ ಪಾಲು ಕೊಡಬೇಕಾದರೆ 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಆಗಿರಬೇಕು. ಇಷ್ಟಾದರೂ ಸಿನಿಮಾ ಹಾಡಿನ ಟ್ರ್ಯಾಕ್ ಹಾಕಿ ಹಾಡಿದರೆ ಆ ದುಡ್ಡು ಸಾಮಾನ್ಯವಾಗಿ ಆಡಿಯೋ ಕಂಪನಿ ಪಾಲು. ಚಪ್ಪಾಳೆ ಮಾತ್ರ ನಿಮ್ಮದು.

ಹಾಗಾಗಿ ಸ್ವಂತ ಹಾಡು ಬೇಕು. ರಘು ದೀಕ್ಷಿತ್ ಓದಿದ್ದು ಮೈಕ್ರೋಬಯಾಲಜಿ. ಕೆಲಸ ಬಿಟ್ಟು ಹಾಡಿಗೆ ಬಂದವರು. ಅವರಿಗೆ ಹೆಸರು ತಂದ ಹಾಡುಗಳಲ್ಲಿ ಶಿಶುನಾಳ ಶರೀಫರ ತತ್ವಪದಗಳೂ ಇವೆ. ಶರೀಫರು ತೀರಿಕೊಂಡಿದ್ದು 1889ರಲ್ಲಿ. ಬರೆದವರು ಸತ್ತು 60 ವರ್ಷ ಕಳೆದರೆ ಸಾಹಿತ್ಯಕ್ಕೆ ಕಾಪಿರೈಟ್ ಇರಲ್ಲ, ಯಾರ ಅನುಮತಿಯೂ ಬೇಡ. ನಮ್ಮ ಹಳ್ಳಿಗಳ ಸೋಬಾನೆ, ಕೋಲಾಟದ ಪದ, ತಾಂಡಾಗಳ ಹಳೇ ಲಂಬಾಣಿ ಹಾಡುಗಳೂ ಹೀಗೇ ಎಲ್ಲರ ಆಸ್ತಿ. ಆದರೆ ಇನ್ನೊಬ್ಬರು ಮಾಡಿದ ರೆಕಾರ್ಡಿಂಗ್ ಎತ್ತಿಕೊಳ್ಳುವ ಹಾಗಿಲ್ಲ. ರಾಗ, ವಾದ್ಯ ನಿಮ್ಮದೇ ಆಗಬೇಕು.

ಎಡವೋದು ಇಲ್ಲೇ. ಹತ್ತಿಪ್ಪತ್ತು ಸಾವಿರ ಕೈಗಿಟ್ಟು ‘ಎಲ್ಲಾ ಹಕ್ಕು ನಮ್ಮದು’ ಅಂತ ಸಹಿ ಹಾಕಿಸಿಕೊಳ್ಳುವವರಿದ್ದಾರೆ. 2012ರ ಕಾಪಿರೈಟ್ ತಿದ್ದುಪಡಿ ಪ್ರಕಾರ, ಹಾಡು ಬರೆದವರು ಮತ್ತು ರಾಗ ಹಾಕಿದವರು ಉಳಿದ ಹಕ್ಕು ಮಾರಿದರೂ ತಮ್ಮ ರಾಯಲ್ಟಿ ಪಾಲನ್ನು ಬಿಟ್ಟುಕೊಡುವಂತಿಲ್ಲ. ವಾರಸುದಾರರಿಗೆ ಅಥವಾ ವಸೂಲಿಗಾಗಿ ಕಾಪಿರೈಟ್ ಸೊಸೈಟಿಗೆ ಮಾತ್ರ ವಹಿಸಬಹುದು. ಈ ಪಾಲು ವಸೂಲಿ ಮಾಡಿ ಕೊಡುವ ಸೊಸೈಟಿ ಐಪಿಆರ್‌ಎಸ್. ಸದಸ್ಯರಾಗದೆ ಕೂತರೆ ಯಾರೂ ಮನೆಗೆ ತಂದುಕೊಡಲ್ಲ. ಹಾಡು ಬಿಡುಗಡೆ ಮುಂಚೆಯೇ ಯಾರು ಬರೆದರು, ಯಾರು ರಾಗ ಹಾಕಿದರು, ಯಾರಿಗೆಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಗೆಳೆಯರ ನಡುವೆ ಇದೆಲ್ಲ ಯಾಕೆ ಅನ್ನೋ ಸಂಕೋಚ ಹಾಡು ಓಡೋವರೆಗೆ ಮಾತ್ರ.

ಸ್ಪಾಟಿಫೈ, ಜಿಯೋಸಾವನ್‌ಗೆ ಹಾಡು ಹೋಗುವುದು ವಿತರಕ ಕಂಪನಿ ಮೂಲಕ. ವರ್ಷದ ಶುಲ್ಕವೋ, ಗಳಿಕೆಯಲ್ಲಿ ಪಾಲೋ ಮೊದಲೇ ಕೇಳಿ. ಸಾಮಾನ್ಯ ಕೇಳುಗರ ಸಂಖ್ಯೆಗೆ ಅಲ್ಲಿಂದ ಬರೋದು ಪುಡಿಗಾಸು.

ಅಂಗಡಿಯವರಿಗೂ ಒಂದು ಮಾತು: ಹೋಟೆಲ್, ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆಂದು ಕಾಪಿರೈಟ್ ಇರುವ ಹಾಡು ಹಾಕಲು ಪರವಾನಗಿ ಬೇಕು. ಮದುವೆ, ಧಾರ್ಮಿಕ ಸಮಾರಂಭಕ್ಕೆ ವಿನಾಯಿತಿ ಇದೆ. ಊರಿನ ಹುಡುಗರ ಸ್ವಂತ ಹಾಡಾದರೆ ಅವರಿಂದಲೇ ಬರೆಸಿಕೊಂಡು ಹಾಕಬಹುದು. ಅಷ್ಟೋ ಇಷ್ಟೋ ಕೊಟ್ಟರೆ ಆಷಾಢದಲ್ಲಿ ಅವರಿಗೂ ಆಸರೆ.