ಕಾರಿನೊಳಗಿನ ಕಿವಿ

ನಡುರಾತ್ರಿ, ನಿರ್ಜನ ರಸ್ತೆ. ಕಾರು ಮರಕ್ಕೆ ಗುದ್ದಿದೆ. ಚಾಲಕನಿಗೆ ಪ್ರಜ್ಞೆಯಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡುವವರು ಯಾರು?

ಕಾರೇ ಮಾಡಲಿ ಎಂಬುದು ಎಂಜಿನಿಯರುಗಳ ಉತ್ತರ. 1996ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಆರಂಭಿಸಿದ ‘ಆನ್‌ಸ್ಟಾರ್’ ಸೇವೆ ಇಂಥದ್ದು. ಏರ್‌ಬ್ಯಾಗ್ ಉಬ್ಬಿದೊಡನೆ ಕಾರಿಗೆ ಜೋಡಿಸಿದ ಫೋನು ಕಂಪನಿಯ ಕೇಂದ್ರಕ್ಕೆ ತಾನಾಗಿಯೇ ಕರೆ ಮಾಡುತ್ತಿತ್ತು. ಉಪಗ್ರಹದ ನೆರವಿನಿಂದ ಸ್ಥಳವೂ ತಿಳಿಯುತ್ತಿತ್ತು.

ಪ್ರಾಣ ಉಳಿಸುವ ಯಂತ್ರವನ್ನು ಬೇಡವೆನ್ನುವವರುಂಟೇ? ಆದರೆ ಚಾಲಕರನ್ನು ಕಾಡಿದ ಅನುಮಾನ ಬೇರೆ. ಆಪತ್ತಿನಲ್ಲಿ ಕೂಗು ಕೇಳಿಸಿಕೊಳ್ಳುವ ಈ ಕಿವಿ, ಉಳಿದ ಹೊತ್ತಿನಲ್ಲೂ ತೆರೆದೇ ಇರುವುದೇ?

ಅನುಮಾನ ಹುಸಿಯಾಗಿರಲಿಲ್ಲ. ಅಮೆರಿಕದ ನೆವಾಡಾದಲ್ಲಿ ಇಂಥದೇ ಒಂದು ವ್ಯವಸ್ಥೆಯ ಮೈಕ್ರೊಫೋನಿನ ಮೂಲಕ ಕಾರಿನೊಳಗಿನ ಮಾತುಕತೆ ಕದ್ದು ಕೇಳಲು ಎಫ್‌ಬಿಐ ನ್ಯಾಯಾಲಯದ ಆದೇಶ ಪಡೆಯಿತು, ಕೇಳಿಯೂ ಕೇಳಿತು. ಸೇವೆ ಒದಗಿಸುತ್ತಿದ್ದ ಕಂಪನಿ ಮೇಲ್ಮನವಿ ಸಲ್ಲಿಸಿತು. 2003ರ ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವು ಬಹುಮತದಿಂದ ಕಂಪನಿಯ ಪರವಾಗಿ ತೀರ್ಪಿತ್ತಿತು. ಆದರೆ ಅದು ಕೊಟ್ಟ ಕಾರಣ ಸೋಜಿಗದ್ದು. ಪೊಲೀಸರು ಕೇಳುತ್ತಿರುವಷ್ಟು ಹೊತ್ತು ತುರ್ತು ಸೇವೆ ಕೆಲಸ ಮಾಡುವುದಿಲ್ಲ. ಹಣ ತೆತ್ತ ಗ್ರಾಹಕನಿಗೆ ಸಲ್ಲಬೇಕಾದ ಸೇವೆ ತಪ್ಪುತ್ತದೆ! ತೀರ್ಪು ನಿಂತದ್ದು ಇದರ ಮೇಲೆಯೇ ಹೊರತು ಚಾಲಕನ ಖಾಸಗಿತನದ ಮೇಲಲ್ಲ. ಸೇವೆಗೆ ಅಡ್ಡಿಯಾಗದಂತೆ ಕೇಳುವ ಉಪಾಯವಿದ್ದಿದ್ದರೆ?

2011ರಲ್ಲಿ ಮತ್ತೊಂದು ಗದ್ದಲ. ಚಂದಾ ನಿಲ್ಲಿಸಿದವರ ಕಾರುಗಳಿಂದಲೂ ಮಾಹಿತಿ ಪಡೆಯುತ್ತಲೇ ಇರುವುದಾಗಿ ಆನ್‌ಸ್ಟಾರ್ ಪ್ರಕಟಿಸಿತು. ಸೆನೆಟರುಗಳೂ ಗ್ರಾಹಕರೂ ಸಿಡಿದೆದ್ದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು.

ಯುರೋಪಿನವರು ಈ ಭಯಕ್ಕೆ ಕಾನೂನಿನಲ್ಲೇ ಮದ್ದು ಹುಡುಕಿದರು. ಇಂದು ನಮ್ಮಲ್ಲೂ ಚಾಲ್ತಿಯಲ್ಲಿರುವ 112 ಸಂಖ್ಯೆಯನ್ನು ಅಲ್ಲಿ ಎಲ್ಲ ದೇಶಗಳ ತುರ್ತು ಕರೆಗೆ ಗೊತ್ತುಮಾಡಿದ್ದು 1991ರಲ್ಲಿ. ಕಾರು ತಾನಾಗಿ ಈ ಸಂಖ್ಯೆಗೆ ಕರೆ ಮಾಡುವ ವ್ಯವಸ್ಥೆಯೇ ‘ಇ-ಕಾಲ್’. ಇದರಿಂದ ನೆರವು ತಲುಪುವ ಅವಧಿ ನಗರಗಳಲ್ಲಿ ಶೇ 40, ಹಳ್ಳಿಗಾಡಿನಲ್ಲಿ ಶೇ 50ರಷ್ಟು ತಗ್ಗೀತೆಂಬುದು ಯುರೋಪಿಯನ್ ಆಯೋಗದ ಅಂದಾಜು. ಇಷ್ಟವಿದ್ದವರು ಅಳವಡಿಸಲಿ ಎಂದು ವರ್ಷಗಟ್ಟಲೆ ಕಾದದ್ದು ಫಲಿಸಲಿಲ್ಲ. ಕೊನೆಗೆ 2015ರಲ್ಲಿ ಕಾಯಿದೆಯಾಯಿತು; 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಿಗೆ ಇ-ಕಾಲ್ ಕಡ್ಡಾಯವಾಯಿತು.

ಕಡ್ಡಾಯವೆಂದ ಮೇಲೆ ಚಾಲಕನಿಗೆ ಭರವಸೆ ಕೊಡಬೇಕಲ್ಲ? ಅಪಘಾತವಾಗುವವರೆಗೆ ಅಥವಾ ಯಾರಾದರೂ ಗುಂಡಿ ಒತ್ತುವವರೆಗೆ ಯಂತ್ರ ನಿದ್ರಿಸುತ್ತಿರಬೇಕು. ಕಾರಿನ ಜಾಡು ಹಿಡಿಯಲು ಅದು ಒದಗಕೂಡದು. ಎಚ್ಚೆತ್ತಾಗ ಅದು ಕಳಿಸುವುದು ಹೆಚ್ಚೆಂದರೆ 140 ಬೈಟ್, ಅಂದರೆ ಒಂದು ಎಸ್‌ಎಂಎಸ್‌ನಷ್ಟು. ಸಮಯ, ಸ್ಥಳ, ಸಾಗುತ್ತಿದ್ದ ದಿಕ್ಕು, ವಾಹನದ ಗುರುತು, ಇಂಧನದ ಬಗೆ ಅಷ್ಟರಲ್ಲೇ ಅಡಗಬೇಕು. ಆಮೇಲೆ ಮಾತಿಗೆ ದಾರಿ ತೆರೆಯುತ್ತದೆ.

ಕಾರು ತಯಾರಕರು ಇದರ ಜೊತೆಗೇ ತಮ್ಮ ಸ್ವಂತ ಸೇವೆಯನ್ನೂ ಮಾರಬಹುದು. ಅದಕ್ಕೆ ಮಾಲೀಕನ ಒಪ್ಪಿಗೆ ಬೇಕು. ಆದರೆ ಒಂದೇ ಕಾರಿನಲ್ಲಿರುವ ಈ ಎರಡು ವ್ಯವಸ್ಥೆಗಳು ಚಾಲಕನ ಖಾಸಗಿ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುವಂತಿಲ್ಲ ಎಂದು ಕಾಯಿದೆ ವಿಧಿಸಿದೆ.