ಯಾರ ಮುಂದೆ ಯಾವ ಮಾತು

ಬಸವಕಲ್ಯಾಣ, ಹುಮನಾಬಾದುಗಳ ಪೇಟೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ನಡೆಯುತ್ತವೆ. ಎದುರಿಗಿರುವವರು ಯಾವ ಮಾತಿನಲ್ಲಿ ಆರಂಭಿಸಿದರೋ ಅದರಲ್ಲಿಯೇ ಉತ್ತರಿಸುವುದು, ಕನ್ನಡವರಿಯದವರು ಬಂದು ಕುಳಿತರೆ ಮಾತನ್ನು ಅವರ ಕಡೆಗೆ ಹೊರಳಿಸುವುದು ಇಲ್ಲಿನ ಹಿರಿಯರ ರೂಢಿ. ಇದನ್ನು ಅಭಿಮಾನಶೂನ್ಯತೆಯೆಂದು ಬೆಂಗಳೂರಿನ ಕಡೆಯ ಮಿತ್ರರು ಮೂದಲಿಸುವುದುಂಟು. ಅದಕ್ಕೆ ಮುನ್ನ ಅವರು ಚರಿತ್ರೆಯನ್ನು ತುಸು ನೋಡಬೇಕು.

ಆರನೆಯ ವಿಕ್ರಮಾದಿತ್ಯನ (1076–1126) ಕಲ್ಯಾಣದ ಆಸ್ಥಾನಕ್ಕೆ ಕಾಶ್ಮೀರದಿಂದ ಬಂದ ಬಿಲ್ಹಣನು ಅರಸನ ಚರಿತೆಯನ್ನು ಸಂಸ್ಕೃತದಲ್ಲಿ ಬರೆದನು. ವಿಜ್ಞಾನೇಶ್ವರನ ಮಿತಾಕ್ಷರವೂ ಸಂಸ್ಕೃತವೇ. ಆದರೆ ಆ ಕಾಲದ ಅನೇಕ ಶಾಸನಗಳಲ್ಲಿ ದೇವತಾಸ್ತುತಿ ಸಂಸ್ಕೃತದಲ್ಲಿದ್ದರೂ ದತ್ತಿಯ ಹೊಲದ ಎಲ್ಲೆ, ಮತ್ತರುಗಳ ಲೆಕ್ಕ ಕನ್ನಡದಲ್ಲಿದೆ. ಅದು ಊರವರಿಗೆ ತಿಳಿಯಬೇಕಿತ್ತಲ್ಲ! ಮುಂದೆ ಶರಣರ ಕಾಲಕ್ಕೆ ಬಂದ ಮೋಳಿಗೆಯ ಮಾರಯ್ಯನವರೂ ಐತಿಹ್ಯದ ಪ್ರಕಾರ ಕಾಶ್ಮೀರದವರೇ. ಅವರು ಕಟ್ಟಿಗೆ ಹೊರೆ ಮಾರಿ ಬದುಕಿದರು. ಅವರ ವಚನಗಳು ಕನ್ನಡದವು. ಬಿಲ್ಹಣ ಮಾತನಾಡಿದ್ದು ಅರಸನ ಮುಂದೆ, ಮಾರಯ್ಯನವರು ಕಾಯಕದವರ ನಡುವೆ.

ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಜನಿಸಿ, ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿ ಮೊದಲಾದ ಭಾಷೆಗಳಲ್ಲಿ ಪದಗಳನ್ನು ರಚಿಸಿದರು. ಅವರ ದರ್ಬಾರಿಗೆ ಹಿಂದೂಗಳೂ ಮುಸಲ್ಮಾನರೂ ಬರುತ್ತಿದ್ದರು. ನಮ್ಮ ರೂಢಿಯ ಅತ್ಯುತ್ತಮ ನಿದರ್ಶನ ಇದೇ ಎಂದು ನನ್ನ ಭಾವನೆ.

ಕಚೇರಿಯ ಕಥೆ ಬೇರೆ. ನಿಜಾಮರ ರಾಜ್ಯದಲ್ಲಿ 1884ರ ಸುಮಾರಿಗೆ ಫಾರಸಿಯ ಸ್ಥಾನಕ್ಕೆ ಉರ್ದು ಬಂದಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ ನಡೆಯಿತು. ಓದು ಬಾರದ ಕನ್ನಡದ ರೈತ ತನಗೆ ತಿಳಿಯದ ಮಾತಿನಲ್ಲಿ ಅರ್ಜಿ ಬರೆಸಿ ಹೆಬ್ಬೆಟ್ಟು ಒತ್ತುತ್ತಿದ್ದ. ಕಟ್ಟೆಯ ಮೇಲೆ ಮೊಹಲ್ಲೆಯ ಚಾಚಾನೊಡನೆ ಅವನು ಆಡುತ್ತಿದ್ದ ಉರ್ದು ಸ್ನೇಹದ್ದು, ಕಚೇರಿಯದು ನಿರುಪಾಯದ್ದು. ಈ ಭೇದವನ್ನು ಮರೆತು ಉರ್ದುವನ್ನೇ ದ್ವೇಷಿಸಿದವರೂ ಉಂಟು. ದಾವೆ, ವಕೀಲ, ದಸ್ತಾವೇಜು ಎನ್ನದೆ ಅವರ ಜಮೀನಿನ ವ್ಯಾಜ್ಯವೂ ಸಾಗದು, ಇರಲಿ.

1956ರ ನವೆಂಬರ್ 1ರಂದು ಬೀದರ ಜಿಲ್ಲೆ ಹೋಳಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ನಾವು ಮೈಸೂರಿಗೆ ಸೇರಿದೆವು. ಬೀಗತನಗಳು ಮಾತ್ರ ಗಡಿಯಾಚೆಗೂ ಉಳಿದವು. ಕಚೇರಿಗೆ ಕನ್ನಡ ಬಂದದ್ದು ತಡವಾಗಿ ಸಂದ ನ್ಯಾಯ. ಈಗ ಅದೇ ಕಚೇರಿಯ ಕಿಟಕಿಯ ಮುಂದೆ ಗಡಿಯ ಹಳ್ಳಿಯ ಮರಾಠಿ ಅಜ್ಜಿ ಕನ್ನಡದ ಕಾಗದ ಹಿಡಿದು ನಿಲ್ಲುತ್ತಾಳೆ. "ಮಾವಶಿ, ಇಕಡೆ ಯಾ" ಎಂದು ಕರೆದು ಓದಿ ಹೇಳುವ ಗುಮಾಸ್ತರಿದ್ದಾರೆ. ಕಾಗದವನ್ನು ಹಿಂದಕ್ಕೆ ತಳ್ಳುವವರೂ ಇದ್ದಾರೆ. ಅಜ್ಜ ಒತ್ತಿದ ಹೆಬ್ಬೆಟ್ಟಿನ ಕಥೆಯನ್ನು ಅವರಿಗೆ ಮನೆಯಲ್ಲಿ ಯಾರೂ ಹೇಳಿಲ್ಲವೆಂದು ತೋರುತ್ತದೆ.