ಜಾಲಿಮುಳ್ಳಿನ ಗೀರು, ಅರಗು ಮತ್ತು ಡ್ಯೂಕೋ

ಕಳೆದ ಸಂಕ್ರಾಂತಿಗೆ ನಮ್ಮ ಅಳಿಯಂದಿರು ಹೊಸ ಕಾರಿನಲ್ಲಿ ದೊಡ್ಡಉಳ್ಳಾರ್ತಿಗೆ ಬಂದಿದ್ದರು. ಊರು ಇನ್ನೇನು ಬಂತೆನ್ನುವಾಗ ಶೇಂಗಾ ಹೊಟ್ಟು ಹೇರಿದ ಟ್ರ್ಯಾಕ್ಟರೊಂದು ಎದುರಾಯಿತಂತೆ. ದಾರಿ ಬಿಡಲೆಂದು ಕಾರನ್ನು ಅಂಚಿಗೆ ಇಳಿಸಿದಾಗ ಬಳ್ಳಾರಿ ಜಾಲಿಯ ಕೊಂಬೆ ಎಡಬಾಗಿಲಿನ ಉದ್ದಕ್ಕೂ ಎರಡು ಬಿಳಿಯ ಗೀರುಗಳನ್ನು ಎಳೆದುಬಿಟ್ಟಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ನಮ್ಮ ದೇಶಕ್ಕೆ ಬಂದ ಈ ಗಿಡದ ಮುಳ್ಳು ಚಳ್ಳಕೆರೆ ಸೀಮೆಯಲ್ಲಿ ಯಾರನ್ನೂ ಬಿಟ್ಟಿಲ್ಲ.

"ಬೆಂಗಳೂರಿಗೆ ಹೋದ್ಮೇಲೆ ತೋರಿಸ್ತೀನಿ ಬಿಡಿ ಮಾವ" ಎಂದರು ಅಳಿಯಂದಿರು. ನಾನು ಬಿಡಲಿಲ್ಲ. ನನಗೆ ಈ ಕೆಲಸ ಗೊತ್ತಿದೆಯೆಂಬ ಹಮ್ಮು ನನ್ನದು.

ಆ ಹಮ್ಮಿಗೆ ಕಾರಣವೂ ಇತ್ತು. 1980ರ ದಶಕದಲ್ಲಿ ನಮ್ಮ ಭಾವನವರ ಬಳಿ ಹಳೆಯ ಅಂಬಾಸಡರ್ ಕಾರೊಂದಿತ್ತು. ಅದಕ್ಕೆ ಚಳ್ಳಕೆರೆಯ ಪೇಂಟರೊಬ್ಬರಿಂದ ಮರುಬಣ್ಣ ಹೊಡೆಸಿದ್ದರು. ಸಣ್ಣ ಗೀರು ಬಿದ್ದರೆ ಆ ಪೇಂಟರು ಅದೇ ಬಣ್ಣವನ್ನು ಥಿನ್ನರಿನಲ್ಲಿ ತೆಳುವಾಗಿ ಕಲಸಿ ಗೀರಿನೊಳಗೆ ತುಂಬುತ್ತಿದ್ದರು. ಒಣಗಿದ ಬಳಿಕ ವಾಟರ್ ಪೇಪರಿನಿಂದ ತೀಡಿ, ರಬ್ಬಿಂಗ್ ಕಾಂಪೌಂಡ್ ಹಚ್ಚಿ ತಿಕ್ಕಿದರೆ ಎಲ್ಲಿ ಗೀರಿತ್ತೆಂದು ಹುಡುಕಬೇಕಾಗುತ್ತಿತ್ತು. ತಿಕ್ಕುವ ಬಟ್ಟೆಗೆ ಕಾರಿನ ಬಣ್ಣ ಮೆತ್ತಿಕೊಳ್ಳುತ್ತಿತ್ತು. "ಬಣ್ಣ ಬಂತೂ ಅಂದ್ರೆ ಕೆಲಸ ಹಿಡೀತು ಅಂತ ಲೆಕ್ಕ ಮೇಷ್ಟ್ರೇ" ಎಂದು ಅವರು ಹೇಳಿದ್ದನ್ನು ನಾನು ಮೂವತ್ತೈದು ವರ್ಷಗಳಿಗೂ ಹೆಚ್ಚು ಕಾಲ ಜೋಪಾನವಾಗಿ ನೆನಪಿಟ್ಟುಕೊಂಡಿದ್ದೆ.

ಆ ನೆನಪೇ ನನ್ನನ್ನು ಕೆಡಿಸಿತು. ಅಳಿಯಂದಿರು ಮಲಗಿದ್ದ ಮಧ್ಯಾಹ್ನ ಕಾಂಪೌಂಡ್ ತಂದು ತಿಕ್ಕಲು ಕುಳಿತೆ. ಮೊದಲ ಗೀರು ಮಾಯವಾಯಿತು. ಎರಡನೆಯದು ಆಳವಾಗಿತ್ತು, ಕದಲಲಿಲ್ಲ. ಬಲವಾಗಿ ತಿಕ್ಕಿದೆ. ಕೊನೆಗೆ ಬಟ್ಟೆಯ ಮೇಲೆ ಬೂದುನೀಲಿ ಬಣ್ಣ ಕಂಡಿತು. ಕೆಲಸ ಹಿಡಿಯಿತೆಂದು ಹಿಗ್ಗಿ ಒರೆಸಿ ನೋಡಿದರೆ ಅಂಗೈಯಗಲದ ಜಾಗ ಹೊಳಪು ಕಳೆದುಕೊಂಡು ಮಂಕಾಗಿತ್ತು.

ಹಾಗೇಕಾಯಿತೆಂದು ತಿಳಿಯಲು ಆಮೇಲೆ ಓದಬೇಕಾಯಿತು. ಓದುತ್ತಾ ಹೋದಂತೆ ವಿಷಯವು ಚನ್ನಪಟ್ಟಣದ ಬೊಂಬೆಗಳವರೆಗೂ ಹೋಯಿತು.

ನಮ್ಮ ನಾಡಿನ ಹಳೆಯ ಹೊಳಪೆಂದರೆ ಅರಗು. ಮರದ ಕೊಂಬೆಗಳ ಮೇಲೆ ಕೀಟವೊಂದು ಸ್ರವಿಸುವ ಈ ಅಂಟು ಬಿಸಿಗೆ ಕರಗುತ್ತದೆ, ಸ್ಪಿರಿಟ್ಟಿನಲ್ಲಿಯೂ ಕರಗುತ್ತದೆ. ಚನ್ನಪಟ್ಟಣದಲ್ಲಿ ತಿರುಗುವ ಬೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ; ಉಜ್ಜುವಿಕೆಯ ಬಿಸಿಗೇ ಅದು ಕರಗಿ ಹರಡುತ್ತದೆ. ಆದ್ದರಿಂದ ಅರಗಿನ ಗೀರನ್ನು ಅರಗೇ ಮುಚ್ಚಬಲ್ಲದು: ಮತ್ತೆ ಕರಗಿಸಿದರಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಬಣ್ಣದ ಕಾರ್ಖಾನೆ ಸ್ಥಾಪನೆಯಾದದ್ದೂ ಕಾಡಿನ ಅರಗನ್ನು ನೆಚ್ಚಿಕೊಂಡೇ. ಅದರ ಹಳೆಯ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. 1962ರ ಚುನಾವಣೆಯಿಂದ ನಮ್ಮ ಬೆರಳಿಗೆ ಬೀಳುತ್ತಿರುವ ಅಳಿಸಲಾಗದ ಶಾಯಿ ಅಲ್ಲಿಯದೇ. 1989ರಲ್ಲಿ ಅದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಆದಾಗ ಹೆಸರಿನಿಂದ ಅರಗು ಉದುರಿಹೋಯಿತು.

ಮೋಟಾರು ಕಾರಿನ ಆರಂಭಕಾಲದಲ್ಲಿ ಕುದುರೆ ಸಾರೋಟಿಗೆ ಬಳಿಯುವಂತೆಯೇ ಅಗಸೆ ಎಣ್ಣೆಯ ವಾರ್ನಿಷ್ ಬಳಿಯುತ್ತಿದ್ದರು. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ. (ನಮ್ಮ ಚಳ್ಳಕೆರೆಯ ಗಿರಣಿಗಳ ಶೇಂಗಾ ಎಣ್ಣೆಗೆ ಆ ಗುಣವಿಲ್ಲ, ಅದನ್ನು ಬಳಿದರೆ ಧೂಳು ಹಿಡಿಯುವುದಷ್ಟೇ ಲಾಭ.) ಒಂದರ ಮೇಲೊಂದು ಲೇಪ ಒಣಗುವಷ್ಟರಲ್ಲಿ ವಾರಗಳೇ ಕಳೆಯುತ್ತಿದ್ದವು. ಅಮೆರಿಕದ ಡ್ಯುಪಾಂಟ್ ಕಂಪನಿ 1923ರಲ್ಲಿ ಹೊರತಂದ 'ಡ್ಯೂಕೋ' ಈ ಕಾಯುವಿಕೆಯನ್ನು ಗಂಟೆಗಳಿಗೆ ಇಳಿಸಿತು. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಪಡೆದ ನೈಟ್ರೋಸೆಲ್ಯುಲೋಸ್ ಅದರ ಮೂಲದ್ರವ್ಯ. ನಮ್ಮಲ್ಲಿ ಬಡಗಿಗಳು ಬೀರುವಿಗೆ 'ಡ್ಯೂಕೋ ಮಾಡಿಸ್ತೀರಾ' ಎಂದು ಕೇಳುವಷ್ಟರ ಮಟ್ಟಿಗೆ ಆ ಹೆಸರು ನೆಲೆನಿಂತಿತು. ಅರಗಿನಂತೆ ಇದೂ ತನ್ನ ದ್ರಾವಕದಲ್ಲಿ ಎಷ್ಟು ಸಲವಾದರೂ ಕರಗುವ ಬಣ್ಣ. ಭಾವನವರ ಕಾರಿನ ಮರುಬಣ್ಣ ಇದೇ ಜಾತಿಯದು. ಪೇಂಟರು ತುಂಬಿದ ಹನಿ ಗೀರಿನ ಅಂಚುಗಳನ್ನು ಕರಗಿಸಿ ಅವುಗಳೊಂದಿಗೆ ಒಂದಾಗುತ್ತಿತ್ತು. ಮೇಲಿನಿಂದ ತಳದವರೆಗೂ ಬಣ್ಣವೇ ಇದ್ದುದರಿಂದ ಬಟ್ಟೆಗೆ ಬಣ್ಣ ಬರುವುದು ಸಹಜವಾಗಿತ್ತು.

ಇಂದಿನ ಕಾರಿನ ಕಥೆ ಬೇರೆ. 1980ರ ದಶಕದಿಂದೀಚೆಗೆ ಜಗತ್ತಿನಲ್ಲಿ ವ್ಯಾಪಕವಾದ ಪದ್ಧತಿಯಂತೆ ಬಣ್ಣದ ತೆಳು ಲೇಪದ ಮೇಲೆ ಬಣ್ಣವಿಲ್ಲದ ಪಾರದರ್ಶಕ ಲೇಪವೊಂದನ್ನು ಹಚ್ಚಿ ಒಲೆಯಲ್ಲಿ ಬೇಯಿಸುತ್ತಾರೆ. ಹಸಿ ಮಡಕೆಯ ಬಿರುಕನ್ನು ನೀರು ಮುಟ್ಟಿಸಿ ತೀಡಬಹುದು, ಆವಿಗೆಯಲ್ಲಿ ಬೆಂದ ಮಡಕೆಯನ್ನು ತೀಡಲಾಗದು. ಹಾಗೆಯೇ ಈ ಬೆಂದ ಲೇಪ ಥಿನ್ನರಿಗೆ ಮತ್ತೆ ಕರಗಿ ಕೂಡಿಕೊಳ್ಳುವುದಿಲ್ಲ. ಹಾಗಾದರೆ ಪಾಲಿಶ್ ಮಾಡಿದಾಗ ಗೀರು ಹೋಗುವುದೆಂತು? ಗೀರು ತುಂಬುವುದಿಲ್ಲ, ಅದರ ಸುತ್ತಲಿನ ಲೇಪವನ್ನೇ ಗೀರಿನ ತಳದ ಮಟ್ಟಕ್ಕೆ ಸವೆಸುತ್ತೇವೆ. ಪಾರದರ್ಶಕ ಲೇಪದ ದಪ್ಪ ಸುಮಾರು 40–50 ಮೈಕ್ರಾನ್, ಎಂದರೆ ತಲೆಗೂದಲಿಗಿಂತ ಕಡಿಮೆ. ಇಲ್ಲಿ ಬಟ್ಟೆಗೆ ಬಣ್ಣ ಬಂತೆಂದರೆ ಆ ಲೇಪ ಮುಗಿದು ಕೆಳಗಿನ ಬಣ್ಣವನ್ನು ತಿಕ್ಕುತ್ತಿದ್ದೇವೆಂದು ಅರ್ಥ. ಪೇಂಟರು ಕೆಲಸ ಹಿಡಿಯಿತೆಂದ ಅದೇ ಗುರುತು, ಕೆಲಸ ಕೆಟ್ಟಿತೆಂಬ ಗುರುತಾಗಿತ್ತು.

ಮನೆಯಲ್ಲಿ ಇದಕ್ಕೆ ಕೈಹಾಕುವವರು ಮೊದಲು ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ನಮ್ಮ ಕೆಂಧೂಳನ್ನು ಧಾರಾಳ ನೀರಿನಿಂದ ತೊಳೆಯಬೇಕು. ಒಣಬಟ್ಟೆಯಲ್ಲಿ ಒರೆಸಿದರೆ ಆ ಧೂಳೇ ನೂರು ಹೊಸ ಗೀರು ಎಳೆಯುತ್ತದೆ. ಬಳಿಕ ಗೀರಿನ ಮೇಲೆ ನೀರು ಚಿಮುಕಿಸಿ. ಒದ್ದೆಯಿರುವಷ್ಟು ಹೊತ್ತು ಗೀರು ಕಾಣದಾದರೆ ಅದು ಮೇಲಿನ ಲೇಪದಲ್ಲಷ್ಟೇ ಇದೆ. ನಯವಾದ ಪಾಲಿಶ್ ಸಾಕು. ಒದ್ದೆಯಲ್ಲಿಯೂ ಕಂಡು, ಉಗುರು ಎಳೆದಾಗ ತಡೆದರೆ ತಿಕ್ಕಬಾರದು. ಆ ಕಾರಿನ ಬಣ್ಣದ ಸಂಖ್ಯೆ ನೋಡಿ ತಂದ ಟಚ್‌ಅಪ್ ಬಣ್ಣವನ್ನು ಕಡ್ಡಿಯ ತುದಿಯಿಂದ ತುಂಬಿ ಸುಮ್ಮನಿರಬೇಕು. ಗುರುತು ಉಳಿಯುತ್ತದೆ, ತಗಡು ತುಕ್ಕು ಹಿಡಿಯುವುದಿಲ್ಲ. ತಗಡು ಕಾಣುವಷ್ಟು ಆಳವಾಗಿದ್ದರೆ ಪೇಂಟರ ಬಳಿಗೇ ಒಯ್ಯಿರಿ.

ಆ ಮಧ್ಯಾಹ್ನ ಎದ್ದುಬಂದ ಅಳಿಯಂದಿರು ಬಾಗಿಲನ್ನೂ ನನ್ನ ಕೈಯಲ್ಲಿದ್ದ ಬಟ್ಟೆಯನ್ನೂ ನೋಡಿದರು. ಏನೂ ಅನ್ನಲಿಲ್ಲ. ಬೆಂಗಳೂರಿನಲ್ಲಿ ಇಡೀ ಬಾಗಿಲಿಗೆ ಮರುಬಣ್ಣ ಹೊಡೆಸಬೇಕಾಯಿತೆಂದು ಮಗಳಿಂದ ತಿಳಿಯಿತು. ಖರ್ಚೆಷ್ಟೆಂದು ಕೇಳಿದೆ; ಇಂದಿಗೂ ಹೇಳಿಲ್ಲ. ಯುಗಾದಿಗೆ ಬಂದಾಗ ಅವರು ಕಾರನ್ನು ಊರಮುಂದಿನ ಬೇವಿನ ಮರದಡಿ ನಿಲ್ಲಿಸಿ, ಚೀಲ ಹಿಡಿದು ನಡೆದೇ ಮನೆಗೆ ಬಂದರು. ಜಾಲಿಗೆ ಹೆದರಿಯೋ ನನಗೆ ಹೆದರಿಯೋ, ನಾನು ಕೇಳಲು ಹೋಗಲಿಲ್ಲ.